ನಿಮ್ಮ 'ವೆರಿಫೈಡ್' ಮೇಸ್ತ್ರಿ ಮಾಡಿದ ಟೆರೇಸ್ ಕೆಲಸದ ಬಗ್ಗೆ ದೂರು

ಅಂಬಲಪಾಡಿ, ಉಡುಪಿ
12-06-2024

ಕುಂದುಕೊರತೆ ಅಧಿಕಾರಿಗಳಿಗೆ,

ಮಾನ್ಯರೇ,

ಏಪ್ರಿಲ್ 20ರಂದು ನಿಮ್ಮ ಆ್ಯಪ್‌ನಲ್ಲಿ ನಮ್ಮ ಮನೆಯ ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ಬುಕ್ ಮಾಡಿದ್ದೆ. 950 ಚದರ ಅಡಿ, ಅಡಿಗೆ 30 ರೂಪಾಯಿಯಂತೆ 28,500 ರೂಪಾಯಿ ಮೊದಲೇ ಕಟ್ಟಿದ್ದೇನೆ. ನಮ್ಮ ಬೀದಿಯಲ್ಲೇ ಒಬ್ಬರು ಹಳೇ ಮೇಸ್ತ್ರಿ ಇದ್ದಾರೆ. ಅವರನ್ನು ಬಿಟ್ಟು ನಿಮ್ಮಲ್ಲಿಗೆ ಬಂದದ್ದು, ಆ್ಯಪ್‌ನಲ್ಲಿ ಮೇಸ್ತ್ರಿಯ ಫೋಟೋದ ಕೆಳಗೆ ನೀವು 'ವೆರಿಫೈಡ್' ಎಂದು ಬರೆದಿದ್ದಕ್ಕೆ. ಹಗಲು ಹೊತ್ತು ಮನೆಯಲ್ಲಿ 74 ವರ್ಷದ ಅಮ್ಮ ಒಬ್ಬರೇ. ಯಾರ್ಯಾರನ್ನೋ ಒಳಗೆ ಬಿಡಲು ಆಗುವುದಿಲ್ಲ ಅಲ್ವಾ?

ಬಂದವರು ಫೋಟೋದಲ್ಲಿದ್ದವರಲ್ಲ. "ಅವರಿಗೆ ಬೇರೆ ಕಡೆ ಕೆಲಸ, ನನ್ನನ್ನು ಕಳಿಸಿದ್ದಾರೆ" ಎಂದರಂತೆ. ಕಂಪನಿಯ ಹೆಸರು ಹೇಳಿದ್ದರಿಂದ ಅಮ್ಮ ನಂಬಿದರು. ತಂದ ಎರಡು ಬಕೆಟ್‌ಗಳ ಮುಚ್ಚಳ ಮೊದಲೇ ತೆರೆದಿತ್ತು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ ಊಟದ ಹೊತ್ತಿಗೆ ಮುಗಿಸಿದರು. ನಡುವೆ "ಸಾಮಾನು ಕಡಿಮೆ ಬಿತ್ತು" ಎಂದು ಹೇಳಿ, ಅಮ್ಮನ ಫೋನಿನಿಂದ 9,000 ರೂಪಾಯಿ ತಮ್ಮ ಸ್ವಂತ ನಂಬರಿಗೆ ಹಾಕಿಸಿಕೊಂಡರು. ಅದಕ್ಕೆ ಬಿಲ್ ಇಲ್ಲ.

ಜೂನ್ 6ರ ರಾತ್ರಿ ಜೋರು ಮಳೆ ಬಂತು. ಬೆಳಗಾಗುವಾಗ ದೇವರ ಕೋಣೆಯ ನೆಲದಲ್ಲಿ ನೀರು. ಮೇಲೆ ಹೋಗಿ ಮೂಲೆಯಲ್ಲಿ ಉಗುರು ಹಾಕಿದೆ. ಬಳಿದ ಪದರ ಹಪ್ಪಳದ ಹಾಗೆ ಎದ್ದು ಕೈಗೇ ಬಂತು. ಅದರ ಹಿಂಬದಿಯಲ್ಲಿ ಹೋದ ಮಳೆಗಾಲದ ಪಾಚಿ ಕಪ್ಪಗೆ ಅಂಟಿಕೊಂಡಿತ್ತು. ಅಂದರೆ ಟೆರೇಸನ್ನು ತೊಳೆಯಲೇ ಇಲ್ಲ, ಪಾಚಿಯ ಮೇಲೇ ಬಳಿದಿದ್ದಾರೆ.

ಬೀದಿಯ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಪಾಚಿ ಕೆರೆದು, ತೊಳೆದು, ಚೆನ್ನಾಗಿ ಒಣಗಲು ಬಿಡಬೇಕು. ಬಿರುಕು ತುಂಬಿ, ಪ್ರೈಮರ್ ಹಾಕಿ, ಎರಡು ಕೋಟ್ ಕೊಡಬೇಕು. ಒಂದು ಒಣಗದೆ ಇನ್ನೊಂದು ಹಾಕುವ ಹಾಗಿಲ್ಲ. ಕೊನೆಗೆ ನೀರು ಹೋಗುವ ತೂತು ಮುಚ್ಚಿ, ಒಂದು ದಿನವಾದರೂ ನೀರು ನಿಲ್ಲಿಸಿ ನೋಡಬೇಕು. ಇದು ಅರ್ಧ ದಿನದಲ್ಲಿ ಆಗುವ ಕೆಲಸವೇ ಅಲ್ಲ ಎಂದರು.

ನಿಮಗೆ ಮೂರು ಸಲ ಫೋನ್ ಮಾಡಿದ್ದೇನೆ. 9,000 ಆ್ಯಪ್‌ನ ಹೊರಗೆ ಕೊಟ್ಟದ್ದು, ಅದಕ್ಕೆ ನೀವು ಹೊಣೆಯಲ್ಲ ಎಂದಿರಿ. ಬಂದವರು ನಿಮ್ಮ ಪಟ್ಟಿಯಲ್ಲೇ ಇಲ್ಲ ಎಂದೂ ಹೇಳಿದಿರಿ. ಹಾಗಾದರೆ ನಮ್ಮ ವಿಳಾಸ, ಬುಕಿಂಗ್ ವಿವರ ಅವರ ಕೈಗೆ ಹೋದದ್ದು ಹೇಗೆ? ಅಮ್ಮ ಒಬ್ಬರೇ ಇದ್ದ ಮನೆಗೆ ಅರ್ಧ ದಿನ ಬಂದು ಹೋದವರು ಯಾರು ಎಂದು ನಿಮಗೇ ಗೊತ್ತಿಲ್ಲ. ಸೋರುವುದಕ್ಕಿಂತ ಜಾಸ್ತಿ ನನ್ನ ನಿದ್ದೆ ಕೆಡಿಸಿರುವುದು ಇದೇ.

ಬೇರೆ ಜನ ಕಳಿಸುತ್ತೇವೆ ಎನ್ನಬೇಡಿ. ಈ ಮಳೆಯಲ್ಲಿ ಒದ್ದೆ ಟೆರೇಸ್ ಮೇಲೆ ಏನು ಬಳಿದರೂ ನಿಲ್ಲುವುದಿಲ್ಲ. ಸದ್ಯಕ್ಕೆ ಟಾರ್ಪಾಲ್ ಹಾಸಿದ್ದೇವೆ. ಪೂರ್ತಿ 37,500 ರೂಪಾಯಿ ವಾಪಸ್ ಮಾಡಿ. ಬಂದವರು ಯಾರು ಎಂದು ಪತ್ತೆ ಮಾಡಿ ತಿಳಿಸಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದಿದೆ ಎಂದು ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬುಕಿಂಗ್ ರಸೀದಿ, ಹಣ ಹೋದ ದಾಖಲೆ, ಫೋಟೋಗಳು ಇದರ ಜೊತೆಗಿವೆ. ಕಿತ್ತು ಬಂದ ಪದರವನ್ನೂ ಕವರಿನಲ್ಲಿ ಹಾಕಿ ಇಟ್ಟಿದ್ದೇನೆ.

ಆ 9,000 ತನ್ನಿಂದಲೇ ಹೋಯಿತು ಎಂದು ಅಮ್ಮ ಇವತ್ತಿಗೂ ಕೊರಗುತ್ತಿದ್ದಾರೆ. ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ತಪ್ಪು ನಿಮ್ಮದು ಎಂದು ಅವರ ಹೆಸರಿಗೇ ಒಂದು ಪತ್ರ ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಅವರೇ ಓದಿಕೊಳ್ಳುತ್ತಾರೆ.

ಇಂತಿ,
ನಿಮ್ಮ ಗ್ರಾಹಕಿ