ಚೀಟಿಯಲ್ಲಿ ಹಿಮೋಗ್ಲೋಬಿನ್ ಒಂದೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗಾಗಿ ನಡೆಯುವ ರಕ್ತಹೀನತೆ ತಪಾಸಣಾ ಶಿಬಿರಗಳಿಗೆ ನಾನು ರಕ್ತ ತೆಗೆದುಕೊಡಲು ಹೋಗುತ್ತೇನೆ. ಲ್ಯಾಬ್ ಟೆಕ್ನಿಷಿಯನ್ ಆಗಿ ನಿವೃತ್ತಳಾದವಳು. ಶಿಬಿರಗಳು ನಡೆಯುತ್ತಿರುವುದು ಒಳ್ಳೆಯದೇ. ನನ್ನ ತಕರಾರು ಅಲ್ಲಿ ಕೊಡುವ ಚೀಟಿಯ ಬಗ್ಗೆ. ‘ಎಚ್‌ಬಿ (ಹಿಮೋಗ್ಲೋಬಿನ್) 9.6’ ಎಂಬಂಥ ಒಂದೇ ಅಂಕಿ, ಅದರ ಕೆಳಗೆ ಕಬ್ಬಿಣದ ಮಾತ್ರೆ.

ತೋಳಿನಿಂದ ತೆಗೆದ ರಕ್ತವನ್ನು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆ ಮಾಡುವ ಯಂತ್ರಕ್ಕೆ ಕೊಟ್ಟರೆ ಅದು ಹಿಮೋಗ್ಲೋಬಿನ್ ಜೊತೆಗೆ ಕೆಂಪು ಕಣಗಳ ಸಂಖ್ಯೆ, ಕಣದ ಸರಾಸರಿ ಗಾತ್ರವಾದ ಎಂಸಿವಿ, ಗಾತ್ರದ ಏರುಪೇರು ತೋರಿಸುವ ಆರ್‌ಡಿಡಬ್ಲ್ಯೂ ಎಲ್ಲವನ್ನೂ ಅದೇ ಹಾಳೆಯಲ್ಲಿ ಕೊಡುತ್ತದೆ. ಅದಕ್ಕೆ ಬೇರೆ ಖರ್ಚಿಲ್ಲ. ಚೀಟಿಗೆ ಇಳಿಸುವಾಗ ಉಳಿದವು ಬಿಟ್ಟುಹೋಗುತ್ತವೆ.

ಇದರಿಂದ ಏನಾಗುತ್ತದೆ ನೋಡಿ. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು, ಟೈಲರ್, “ಆಂಟಿ, ಮಾತ್ರೆ ತಗೊಂಡ್ರೆ ಹೊಟ್ಟೆ ಕಟ್ಕೊಳ್ಳತ್ತೆ, ರಕ್ತ ಮಾತ್ರ ಏರ್ತಾನೇ ಇಲ್ಲ” ಅಂದಳು. ಹಿಮೋಗ್ಲೋಬಿನ್ 10.8. ಲ್ಯಾಬಿನಿಂದ ಪೂರ್ತಿ ಹಾಳೆ ತರಿಸಿದರೆ ಎಂಸಿವಿ 64, ಕೆಂಪು ಕಣಗಳ ಸಂಖ್ಯೆ 5.6, ಅಂದರೆ ಮೈಕ್ರೋಲೀಟರ್‌ಗೆ 56 ಲಕ್ಷ. ಕಬ್ಬಿಣದ ಕೊರತೆಯಲ್ಲಿ ಕಣ ಸಣ್ಣದಾಗುವುದರ ಜೊತೆಗೆ ಸಾಮಾನ್ಯವಾಗಿ ಸಂಖ್ಯೆಯೂ ಇಳಿಯುತ್ತದೆ, ಆರ್‌ಡಿಡಬ್ಲ್ಯೂ ಏರುತ್ತದೆ. ಕಣ ಇಷ್ಟು ಸಣ್ಣದಿದ್ದೂ ಸಂಖ್ಯೆ ಇಷ್ಟು ಹೆಚ್ಚಿದ್ದರೆ ಥಲಸ್ಸೀಮಿಯಾ ಮೈನರ್, ಅಂದರೆ ಹಿಮೋಗ್ಲೋಬಿನ್ ತಯಾರಿಕೆಯಲ್ಲೇ ಇರುವ ವಂಶಪಾರಂಪರ್ಯ ದೋಷದ ಸೌಮ್ಯ ರೂಪ, ಇರಬಹುದೇ ಎಂದು ಯೋಚಿಸಬೇಕು. ಎಂಸಿವಿಯನ್ನು ಕಣಗಳ ಸಂಖ್ಯೆಯಿಂದ ಭಾಗಿಸಿದಾಗ 13ಕ್ಕಿಂತ ಕಡಿಮೆ ಬಂದರೆ ಆ ಅನುಮಾನ ಬಲವಾಗುತ್ತದೆ. ಇವಳದು 11.4. ಖಚಿತಪಡಿಸಲು ಹಿಮೋಗ್ಲೋಬಿನ್‌ನ ಒಂದು ಬಗೆಯಾದ ಎ2 ಎಷ್ಟಿದೆ ಎಂದು ನೋಡುವ ಪರೀಕ್ಷೆ ಬೇಕು, ಮಾಡಿಸಿದರು, ಮೈನರ್ ಎಂದೇ ಬಂತು. ಅವಳ ಆರೋಗ್ಯಕ್ಕೆ ಅದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಗಂಡನಾಗುವವನಿಗೂ ಅದೇ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಅದರ ತೀವ್ರ ರೂಪವಾದ ಥಲಸ್ಸೀಮಿಯಾ ಮೇಜರ್ ಬರುವ ಸಂಭವ ನಾಲ್ಕರಲ್ಲಿ ಒಂದು. ಆ ಹುಡುಗನಿಗೂ ಪರೀಕ್ಷೆ ಆಗಬೇಕು ಎಂದು ಹೇಳುವವರು ಅಲ್ಲಿಯವರೆಗೆ ಯಾರೂ ಇರಲಿಲ್ಲ!

ಇದಕ್ಕೆ ಉಲ್ಟಾ ಇನ್ನೊಂದು ಗುಂಪಿದೆ. ಹಿಮೋಗ್ಲೋಬಿನ್ 12.3, ‘ನಾರ್ಮಲ್’ ಎಂದು ವಾಪಸ್ ಕಳಿಸಿದವರು. ಸುಸ್ತು, ಕೂದಲು ಉದುರುವುದು ಹಾಗೇ ಇರುತ್ತದೆ. ದೇಹದಲ್ಲಿ ದಾಸ್ತಾನಿರುವ ಕಬ್ಬಿಣ ಮೊದಲು ಖಾಲಿಯಾಗುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಆ ದಾಸ್ತಾನನ್ನು ಹೇಳುವುದು ಫೆರಿಟಿನ್. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಆರೋಗ್ಯವಂತ ವಯಸ್ಕರಲ್ಲಿ ಲೀಟರ್‌ಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಏರಿ ಕೊರತೆಯನ್ನು ಮುಚ್ಚಿಬಿಡುತ್ತದೆ, ಆಗ ಮಿತಿ 70. ಅದಕ್ಕೇ ಜೊತೆಗೆ ಉರಿಯೂತ ಇದೆಯೇ ಎಂದು ತಿಳಿಸುವ ಸಿಆರ್‌ಪಿಯನ್ನೂ ನೋಡುವುದು ಒಳ್ಳೆಯದು. ಕೆಲವು ಕಡೆ ಸೀರಂ ಐರನ್, ಅಂದರೆ ಆ ಹೊತ್ತಿಗೆ ರಕ್ತದಲ್ಲಿ ಓಡಾಡುವ ಕಬ್ಬಿಣದ ಪರೀಕ್ಷೆ, ಒಂದನ್ನೇ ಮಾಡಿಸುತ್ತಾರೆ. ಅದು ಬೆಳಿಗ್ಗೆಗೊಂದು, ಸಂಜೆಗೊಂದು ಆಗುವ ಅಂಕಿ, ಅದನ್ನೊಂದನ್ನೇ ನಂಬುವಂತಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಅದು ಬೆರಳು ಚುಚ್ಚಿ ಅಳೆದ ಲೆಕ್ಕ. ಇವರಲ್ಲಿ ಎಷ್ಟು ಮಂದಿಗೆ ಕಬ್ಬಿಣದ ಕೊರತೆ, ಎಷ್ಟು ಮಂದಿಗೆ ಬಿ12 ಕೊರತೆ ಅಥವಾ ಬೇರೆ ಕಾರಣ ಎಂಬುದನ್ನು ಬೆರಳ ತುದಿಯ ಹನಿ ಹೇಳಲಾರದು.

ಆರೋಗ್ಯ ಇಲಾಖೆಗೂ ಕಾರ್ಖಾನೆಗಳ ಆಡಳಿತದವರಿಗೂ ನನ್ನ ವಿನಂತಿ ಇಷ್ಟು. ಸಿಬಿಸಿಯ ಪೂರ್ತಿ ಹಾಳೆಯನ್ನು ರಕ್ತ ಕೊಟ್ಟವಳ ಕೈಗೇ ಕೊಡಿ. ಸಿಬಿಸಿಗೆ ಬಳಸುವ ನೇರಳೆ ಮುಚ್ಚಳದ ಟ್ಯೂಬಿನ ಜೊತೆ ಫೆರಿಟಿನ್‌ಗಾಗಿ ಇನ್ನೊಂದು ಟ್ಯೂಬನ್ನೂ ಅದೇ ಚುಚ್ಚಿನಲ್ಲಿ ತುಂಬಿಕೊಳ್ಳಿ. ಆ ರಕ್ತದ ಸೀರಂ, ಅಂದರೆ ಮೇಲಿನ ತಿಳಿದ್ರವ, ಬೇರ್ಪಡಿಸಿ ಫ್ರಿಜ್‌ನಲ್ಲಿಟ್ಟರೆ ಮಾರನೆಯ ದಿನ ಬೇಕಾದವರದ್ದನ್ನು ಮಾತ್ರ ಪರೀಕ್ಷಿಸಬಹುದು. ಹೊಲಿಗೆಯ ಲೈನ್ ಬಿಟ್ಟು ಎರಡನೇ ಸಲ ಬರುವುದೆಂದರೆ ಆ ಹೆಣ್ಣುಮಕ್ಕಳಿಗೆ ಅರ್ಧ ದಿನದ ಸಂಬಳ ಹೋದಂತೆ. ಇನ್ನು, ಮುಟ್ಟು ನಿಂತವರಲ್ಲಿ, ಗಂಡಸರಲ್ಲಿ ಫೆರಿಟಿನ್ ಕಡಿಮೆ ಬಂದರೆ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ಹೊಟ್ಟೆಯಲ್ಲೋ ಕರುಳಿನಲ್ಲೋ ರಕ್ತ ಸೋರುತ್ತಿರಬಹುದು, ಅವರನ್ನು ದೊಡ್ಡಾಸ್ಪತ್ರೆಗೆ ಕಳಿಸಿ.

– ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಬಸವೇಶ್ವರನಗರ, ಬೆಂಗಳೂರು