ಮೋಂಗೋದಿಂದ ಜರ್ಕಾವನಿಗೆ

ಲೋ ಜರ್ಕಾವ್,

ಫೋನ್ ಮಾಡಿದರೆ ನೀನು ಮೊದಲ ಹತ್ತು ನಿಮಿಷ ಮಂಡಿನೋವು, ಆಮೇಲಿನ ಹತ್ತು ನಿಮಿಷ ಶುಂಠಿ ರೇಟು ಹೇಳುತ್ತೀಯ. ನನ್ನ ಸರದಿ ಬರುವಷ್ಟರಲ್ಲಿ ಯಾರೋ ಗೇಟು ಬಡಿಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅದೂ ನಾಲ್ಕು ಜನ ನೋಡುವ ಜಾಗದಲ್ಲಿ. ನಾಲ್ಕು ಜನರ ಎದುರು ಕೇಳಿದರೆ ನೀನು ತಪ್ಪಿಸಿಕೊಳ್ಳುವ ಹಾಗಿಲ್ಲ. ಕೊಡೆ ಮೇಷ್ಟ್ರು ಕಲಿಸಿದ ಬುದ್ಧಿ ಇದು.

ಪುಸ್ತಕ ಬಂತು ಕಣೋ.

ಫ್ಲ್ಯಾಶ್ ಗಾರ್ಡನ್, ನಾವು ಹುಡುಗರಾಗಿದ್ದಾಗ ಓದಿದ ಆ ಅಮೆರಿಕದ ಬಾಹ್ಯಾಕಾಶ ಕಾಮಿಕ್ಸು. ಅಲೆಕ್ಸ್ ರೇಮಂಡ್ ಪೇಪರಿಗೆ ಬರೆದ ಭಾನುವಾರದ ಪುಟಗಳು, 1934ರ ಜನವರಿ 7ರಿಂದ ಸಾಲಾಗಿ. ಅಡ್ಡ ಸೈಜು. ಕಪಾಟಿನಲ್ಲಿ ನಿಲ್ಲಲ್ಲ. ಟೀಪಾಯಿ ಮೇಲೆ ಇಟ್ಟರೆ ಟೀಗೆ ಜಾಗ ಇಲ್ಲ. ಕೊನೆಗೆ ಮಂಚದ ಕೆಳಗೆ ಹಾರ್ಮೋನಿಯಂ ಪಕ್ಕ ತಳ್ಳಿದ್ದೇನೆ. ಇವಳು ಬೆಲೆ ಕೇಳಿದಳು. ನಾನು ಹೇಳಿದ್ದು ನಿಜವಾದ ಬೆಲೆಯಲ್ಲ. ಅವಳೂ ಇದನ್ನ ಓದುತ್ತಾಳೆ ಅಂತ ಈಗ ನೆನಪಾಯ್ತು. ಇರಲಿ, ಬರೆದದ್ದು ಬರೆದೆ.

ಮೊದಲ ಪುಟ ಹೇಳುತ್ತೇನೆ ಕೇಳು. ಭೂಮಿ ಕಡೆಗೆ ಯಾವುದೋ ಗ್ರಹ ನುಗ್ಗಿ ಬರುತ್ತಿದೆ. ಜಗತ್ತೆಲ್ಲ ಗಡಗಡ. ಮರುಭೂಮಿಯಲ್ಲಿ ಒಬ್ಬ ಅರಬ್ಬ ಮೆಕ್ಕಾ ಕಡೆ ತಿರುಗಿ ಪ್ರಾರ್ಥನೆ ಮಾಡುತ್ತಿದ್ದಾನೆ. ಅಷ್ಟರಲ್ಲಿ ಒಂದು ವಿಮಾನದ ರೆಕ್ಕೆಗೆ ಉಲ್ಕೆ ಬಡಿಯುತ್ತೆ. ನಮ್ಮ ಹೀರೋ ಫ್ಲ್ಯಾಶ್, ಜೊತೆಗಿದ್ದ ಹುಡುಗಿ ಡೇಲಳನ್ನು ಅಪ್ಪಿ ಹಿಡಿದು ಪ್ಯಾರಾಚೂಟಿನಲ್ಲಿ ಹಾರುತ್ತಾನೆ. ಇಳಿಯುವುದು ಎಲ್ಲಿಗೆ? ನಿನ್ನ, ಅಂದರೆ ವಿಜ್ಞಾನಿ ಜರ್ಕಾವನ, ಮನೆ ಅಂಗಳಕ್ಕೆ! ನೀನು ಪಿಸ್ತೂಲು ತೋರಿಸಿ ಇಬ್ಬರನ್ನೂ ರಾಕೆಟ್ಟಿಗೆ ಹತ್ತಿಸುತ್ತೀಯ. ಇಷ್ಟೂ ಒಂದೇ ಪುಟದಲ್ಲಿ. ಈಗಿನ ಸೀರಿಯಲ್ಲಿನವರಾದರೆ ಆ ರೆಕ್ಕೆ ಮುರಿಯುವುದಕ್ಕೇ ಮೂರು ವಾರ ತಗೊಳ್ಳುತ್ತಿದ್ದರು.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಮೊದಮೊದಲ ಪುಟಗಳಲ್ಲಿ ರೇಮಂಡ್ ಅಂಥ ದೊಡ್ಡ ಕಲಾವಿದನೇನಲ್ಲ. ಆಗ ಅವನಿಗೆ 24 ವರ್ಷ. ಆ ಒಂದೇ ತಿಂಗಳಲ್ಲಿ ಪೇಪರಿಗೆ ಮೂರು ಚಿತ್ರಕಥೆ, ಅದೇ ಸ್ಟ್ರಿಪ್ಪು, ಶುರು ಮಾಡಿದ್ದ. ಈ ಪುಸ್ತಕದಲ್ಲೇ ನೋಡು, ಪುಟದ ಮೇಲ್ಭಾಗದಲ್ಲಿ ಜಂಗಲ್ ಜಿಮ್, ಕೆಳಗೆ ಫ್ಲ್ಯಾಶ್. ಎರಡೂ ಅವನದೇ. ಕೋರೆಹಲ್ಲಿನ ಕೆಂಪು ಕಪಿಮನುಷ್ಯರ ಜೊತೆ ಫ್ಲ್ಯಾಶ್ ಬಡಿದಾಡುವ ಪುಟದಲ್ಲಿ ಕೈಕಾಲುಗಳು ನಮ್ಮೂರ ಸಿನಿಮಾ ಕಟೌಟಿನ ಹಾಗೆ ಸೆಟೆದು ನಿಂತಿವೆ. ಆದರೆ ಹಾಳೆ ತಿರುಗಿಸುತ್ತಾ ಹೋದರೆ ಕೈ ಪಳಗುವುದು ಕಣ್ಣಿಗೆ ಕಾಣುತ್ತೆ. ಮಸಿ ಅರ್ಧ ಒಣಗಿದ ಬ್ರಶ್ಶಿನಲ್ಲಿ ಎಳೆಯುತ್ತಾನೆ. ಗೆರೆ ಒಂದೇ, ಆದರೆ ಕೊನೆಗೆ ಬರುವಾಗ ಹತ್ತಾರು ಎಳೆಯಾಗಿ ಸೀಳುತ್ತೆ. ಹಾಳೆಗೆ ಮೂಗು ತಾಗುವಷ್ಟು ಹತ್ತಿರ ಹಿಡಿದರೆ ಒಂದು ಭುಜದ ಮೇಲೆ ಇಂಥ ಎಪ್ಪತ್ತು ಎಂಬತ್ತು ಎಳೆ. ದೂರ ಹಿಡಿದರೆ ಬೆಳಕು ಬಿದ್ದ ಚರ್ಮ. ನಾನು ಅರ್ಧ ಗಂಟೆ ಹತ್ತಿರ, ದೂರ, ಹತ್ತಿರ, ದೂರ ಮಾಡಿದೆ. ಇವಳು ಕನ್ನಡಕ ಬದಲಿಸಿ ಅಂದಳು.

ನಿನಗೆ ಡ್ಯಾನ್ ಬ್ಯಾರಿನೇ ದೊಡ್ಡವನು, ಗೊತ್ತು. 1951ರಲ್ಲಿ ಅವನು ಫ್ಲ್ಯಾಶ್‌ನ ದಿನದ ಸ್ಟ್ರಿಪ್ಪು ಕೈಗೆತ್ತಿಕೊಂಡ ಮೇಲೆ ರಾಕೆಟ್ಟು ರಾಕೆಟ್ಟಿನ ಹಾಗೆ ಕಂಡಿತು, ಅದಕ್ಕೆ ಮುಂಚೆ ಬರೀ ಮೀನಿನ ಹಾಗಿತ್ತು ಅಂತ ನೀನು ನಲವತ್ತು ವರ್ಷದಿಂದ ಹೇಳುತ್ತಿದ್ದೀಯ. ಸರಿ, ರಾಕೆಟ್ಟು ನಿನಗಿರಲಿ. ಆದರೆ ಬ್ಯಾರಿಯ ಫ್ಲ್ಯಾಶ್ ಒಳ್ಳೇ ಎಂಜಿನಿಯರ್ ಕಣೋ. ಆಫೀಸಿಗೆ ಹೊರಟವನ ಹಾಗಿರುತ್ತಾನೆ. ರೇಮಂಡನ ಫ್ಲ್ಯಾಶ್ ಅಂಗಿ ಇಲ್ಲದಿದ್ದರೂ ರಾಜ. ನಾವು ಹೊಳೆ ಮರಳಿನಲ್ಲಿ ಅಂಗಿ ಬಿಚ್ಚಿ ನಿಂತಿದ್ದು ಯಾರ ಥರ? ಎದೆ ಮುಟ್ಟಿಕೊಂಡು ಹೇಳು. ನಿನ್ನ ಎದೆ ಆಗ ಹೇಗಿತ್ತು ಅನ್ನೋದನ್ನ ಇಲ್ಲಿ ಬರೆಯಲ್ಲ.

ಇನ್ನೊಂದು ವಿಷಯ ಹೇಳಿದರೆ ನಿನಗೆ ಹೊಟ್ಟೆ ಉರಿಯುತ್ತೆ. ಅಮೆರಿಕದ ಲೈಬ್ರರಿಗಳು ಹಳೇ ಪೇಪರುಗಳನ್ನು ಮೈಕ್ರೋಫಿಲ್ಮ್ ಮಾಡಿಸಿ, ಅಸಲು ಕಟ್ಟುಗಳನ್ನು ಎಸೆಯುತ್ತಿದ್ದವು. ಫಿಲ್ಮು ಕಪ್ಪು ಬಿಳುಪು. ಭಾನುವಾರದ ಬಣ್ಣವೆಲ್ಲ ಅಲ್ಲಿಗೆ ಖಲಾಸ್. ಬಿಲ್ ಬ್ಲ್ಯಾಕ್‌ಬಿಯರ್ಡ್ ಅಂತ ಒಬ್ಬ. ಹೆಸರೇ ಕಡಲ್ಗಳ್ಳನದು. ಲೈಬ್ರರಿಯವರು ಒಬ್ಬ ಸಾಮಾನ್ಯ ಮನುಷ್ಯನಿಗೆ ಕಟ್ಟು ಕೊಡಲ್ಲ ಅಂದಿದ್ದಕ್ಕೆ, 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತನ್ನ ಮನೆಯಲ್ಲೇ ಒಂದು ಸಂಸ್ಥೆ ಅಂತ ಮಾಡಿಕೊಂಡ. ಆಮೇಲೆ ಕಟ್ಟುಗಟ್ಟಲೆ ತಂದು ಮನೆ ತುಂಬಿಸಿದ. ಮೂವತ್ತು ವರ್ಷದ ಮೇಲೆ ಆ ರಾಶಿ ಓಹಾಯೋ ಸ್ಟೇಟ್ ಯೂನಿವರ್ಸಿಟಿಗೆ ಹೋಯ್ತು. ಆರು ದೊಡ್ಡ ಲಾರಿ, 75 ಟನ್. ಅಂಥವರು ಉಳಿಸಿದ ಹಾಳೆ ಇಲ್ಲದಿದ್ದರೆ ಇಂಥ ಎಷ್ಟೋ ಮರುಮುದ್ರಣ ಬರುತ್ತಲೇ ಇರಲಿಲ್ಲ.

ನಮ್ಮ ಇಂದ್ರಜಾಲ ಕಾಮಿಕ್ಸಿನ ಟ್ರಂಕು ನೆನಪಿದೆಯಾ? 1964ರಿಂದ 1990ರವರೆಗೆ ಬಂದ ಸಂಚಿಕೆಗಳಲ್ಲಿ ನಮ್ಮ ಕೈಗೆ ಸಿಕ್ಕಿದ್ದೆಲ್ಲ ಅದರಲ್ಲಿತ್ತು. ಫ್ಯಾಂಟಮ್ಮನ ಊರನ್ನು ಅವರು ಡೆಂಕಾಲಿ ಅಂತ ಬದಲಿಸಿದ್ದರಲ್ಲ, ಆ ಡೆಂಕಾಲಿಯೂ ಸೇರಿ ಎಲ್ಲವೂ ಗುಜರಿಗೆ ಹೋಯ್ತು. ಬದಲಿಗೆ ಅಮ್ಮ ಒಂದು ಪ್ಲಾಸ್ಟಿಕ್ ಬಕೆಟ್ ತಗೊಂಡಳು. ಹಸಿರು ಬಕೆಟ್. ಆ ಬಕೆಟ್ಟು ಇನ್ನೂ ಇದೆ, ಅದಕ್ಕೇನೂ ಆಗಿಲ್ಲ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಪುಸ್ತಕದ ಒಂದು ಫೋಟೋ ಹಾಕಿ, ನಿನ್ನನ್ನು ಎರಡು ಸಲ ಬೈದು ಮುಗಿಸೋದು ಅಂತಲೇ ಕೂತಿದ್ದೆ.

ಆದರೆ ಮಿಂಗ್ ಬಂದ.

ಕಥೆಯ ವಿಲನ್, ಅವನು ಬಂದೇ ಬರುತ್ತಾನೆ, ಅವನದೇ ಗ್ರಹ. ನಮಗೆ ನೆನಪಿದ್ದ ಮಿಂಗ್ ಅಂದರೆ ಬೋಳು ತಲೆ, ಎತ್ತರದ ಕಾಲರು, ಇಳಿಬಿದ್ದ ಮೀಸೆ. ಅಷ್ಟೆ. ಈ ಪುಸ್ತಕದ ಮೊದಲ ಪುಟಗಳಲ್ಲಿ ಅವನ ಮುಖ ಹಳದಿ. ಮುದ್ರಣದ ತಪ್ಪಲ್ಲ. ಫ್ಲ್ಯಾಶ್ ಪಕ್ಕದಲ್ಲೇ ಸರಿಯಾದ ಚರ್ಮದ ಬಣ್ಣದಲ್ಲಿ ನಿಂತಿದ್ದಾನೆ. ಇವನಿಗೆ ಮಾತ್ರ ಬೇಕು ಅಂತಲೇ ನಿಂಬೆಹಣ್ಣಿನ ಹಳದಿ. ಕಣ್ಣು ಓರೆ, ಉಗುರು ಉದ್ದ, ಹೆಸರು ಚೀನಾದ ರಾಜವಂಶದ್ದು, ಗ್ರಹದ ಹೆಸರು ಮೋಂಗೋ. ಅಮೆರಿಕದವರಿಗೆ ಆಗ ಇದು ಹೊಸತಲ್ಲ. ಫೂ ಮಾಂಚು ಅನ್ನೋ ವಿಲನ್ ಇಪ್ಪತ್ತು ವರ್ಷದಿಂದ ಓಡುತ್ತಿದ್ದ. ಇದಕ್ಕಿಂತ ಐದು ವರ್ಷ ಮೊದಲು ಬಂದ ಬಕ್ ರೋಜರ್ಸ್‌ನಲ್ಲೂ ಅಮೆರಿಕವನ್ನು ಹಿಡಿದುಕೊಂಡವರು ಮಂಗೋಲರೇ. ಚೀನಾದ ಕೂಲಿಯವರು ಒಳಗೆ ಬರಕೂಡದು ಅಂತ 1882ರಲ್ಲಿ ಮಾಡಿದ ಕಾನೂನು 1943ರವರೆಗೆ ಇತ್ತು. ಅಂದರೆ ರೇಮಂಡ್ ಮಿಂಗನನ್ನು ಬರೆದ ಹೆಚ್ಚುಕಡಿಮೆ ಅಷ್ಟೂ ವರ್ಷ. ಕೇಳಿದರೆ ಒಂದು ಉತ್ತರ ಸಿದ್ಧವಾಗಿರುತ್ತಿತ್ತು ಅಲ್ವಾ: ಅಯ್ಯೋ, ಅವನು ಚೀನಾದವನಲ್ಲ, ಬೇರೆ ಗ್ರಹದವನು. ಮುಂದೆ ಟಿವಿ ಕಾರ್ಟೂನಿಗೆ ಬರುವಷ್ಟರಲ್ಲಿ ಅವನಿಗೆ ಹಸಿರು ಬಣ್ಣ ಬಳಿದಿದ್ದರು. ಮೀಸೆ ಹಾಗೇ ಬಿಟ್ಟಿದ್ದರು.

ಆ ಉತ್ತರ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಪುಸ್ತಕ ಮುಚ್ಚಿದೆ. ಯಾರು ಹೇಳಿದ್ದು ಅಂತ ರಾತ್ರಿ ಮಲಗಿದ ಮೇಲೆ ಹೊಳೆಯಿತು. ನಾನೇ.

ಕಾವೇರಿ ಸೇತುವೆ ಕೆಳಗೆ, 1981 ಇರಬೇಕು. ಆರನೇ ಕ್ಲಾಸು. ನಾನು ಫ್ಲ್ಯಾಶ್, ಯಾಕೆಂದರೆ ಪುಸ್ತಕ ನನ್ನದು. ನೀನು ಜರ್ಕಾವ್, ಯಾಕೆಂದರೆ ಕನ್ನಡಕ ನಿನಗೊಬ್ಬನಿಗೇ ಇತ್ತು. ಡೇಲ್ ಯಾರಾಗಿದ್ದರು ಅಂತ ಹೇಳಲ್ಲ, ಅವರೀಗ ದೊಡ್ಡ ಹುದ್ದೆಯಲ್ಲಿದ್ದಾರೆ, ಮೀಸೆಯೂ ಇದೆ. ಮಿಂಗ್ ಯಾರಾಗಿದ್ದ? ನಿನಗೆ ನೆನಪಿಲ್ಲದೆ ಇರಲ್ಲ. ಬೈಲಕುಪ್ಪೆಯ ಟಿಬೆಟಿನವರ ಕ್ಯಾಂಪಿನಿಂದ ಸಂತೆ ದಿನ ಅಮ್ಮನ ಜೊತೆ ಬರುತ್ತಿದ್ದನಲ್ಲ, ಜೇಬಿನ ತುಂಬ ಹುರಿದ ಮುಸುಕಿನ ಜೋಳ ತರುತ್ತಿದ್ದನಲ್ಲ, ಅವನು. ಹೆಸರು ಬರೆಯಲ್ಲ. ಆಗಲೂ ಕರೆಯುತ್ತಿರಲಿಲ್ಲ.

ನಮ್ಮ ಗುಂಪಿನಲ್ಲಿ ಇಂಗ್ಲಿಷ್ ಓದೋಕೆ ಬರುತ್ತಿದ್ದುದು ಅವನೊಬ್ಬನಿಗೇ. ಮುಖಪುಟ ಕಿತ್ತುಹೋಗಿದ್ದ ಆ ಸಂಚಿಕೆಯನ್ನು ಅವನೇ ಓದಿ ಕನ್ನಡದಲ್ಲಿ ಹೇಳುತ್ತಿದ್ದ. ಫ್ಲ್ಯಾಶ್ ಮಾತಾಡಿದರೆ ಒಂದು ದನಿ, ಹದ್ದುಮನುಷ್ಯರಿಗೆ ಇನ್ನೊಂದು ದನಿ. ಮಿಂಗನ ಮಾತು ಬಂದರೆ ಮಾತ್ರ ದನಿಯೇ ಇಲ್ಲ. ಸರಸರ ಓದಿ ದಾಟಿಬಿಡುತ್ತಿದ್ದ. ನಾವು 'ಸರಿಯಾಗಿ ಮಾಡೋ' ಅಂತ ಬೈಯುತ್ತಿದ್ದೆವು. ನಾನೇ ಜಾಸ್ತಿ ಬೈಯುತ್ತಿದ್ದೆ.

ಇದ್ದಿಲಿನಲ್ಲಿ ಅವನಿಗೆ ಮೀಸೆ ಬರೆದದ್ದೂ ನಾನೇ. ಗದ್ದದವರೆಗೂ ಇಳಿಸಿ ಬರೆದೆ. ಬರೆಯುವಾಗ ಅವನು ಅಲುಗಾಡದೆ ನಿಂತಿದ್ದ. ಆಮೇಲೆ ಹೇಳಿದ, 'ಚೀನಾದವರ ಕೈಯಿಂದ ತಪ್ಪಿಸ್ಕೊಂಡು ನಮ್ಮಜ್ಜಿ ಹಿಮದಲ್ಲಿ ನಡ್ಕೊಂಡು ಬಂದಿದ್ದು. ನಾನ್ಯಾಕೆ ಚೀನಾದ ರಾಜ ಆಗ್ಲಿ?' ಅಂತ. ನಾನು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. 'ಮಿಂಗ್ ಚೀನಾದವನಲ್ಲ ಕಣೋ, ಮೋಂಗೋದವನು' ಅಂದೆ. ನೀನು ನಕ್ಕೆ. ಅವನೂ ನಕ್ಕ. ಆ ಬೇಸಿಗೆ ಪೂರ್ತಿ ಅವನೇ ಸೋತ. ಪ್ರತಿ ಸಲವೂ, ಅಮ್ಮನ ಹಳೇ ಕೆಂಪು ಸೀರೆ ಹೊದ್ದುಕೊಂಡು.

ಮಕ್ಕಳಾಟ ಅನ್ನುತ್ತೀಯ. ಸರಿ, ಅದನ್ನ ಬಿಡೋಣ. ಆದರೆ ನಿನಗೊಂದು ಸುಳ್ಳು ಹೇಳಿದ್ದೇನೆ. ಅದು ಮಕ್ಕಳಾಟವಲ್ಲ.

ಬೆಂಗಳೂರಿನಲ್ಲಿ ಟಿಬೆಟಿನವರ ಸ್ವೆಟರ್ ಅಂಗಡಿಗಳಲ್ಲೆಲ್ಲ ಅವನನ್ನ ಹುಡುಕಿದೆ, ಎಲ್ಲೂ ಸಿಗಲಿಲ್ಲ ಅಂದಿದ್ದೆನಲ್ಲ? ಸಿಕ್ಕಿದ್ದ. ಹುಡುಕಿಯೂ ಇರಲಿಲ್ಲ, ತಾನಾಗೇ ಸಿಕ್ಕ. ಚಳಿಗಾಲದಲ್ಲಿ ಮೆಜೆಸ್ಟಿಕ್ ಹತ್ತಿರ ಫುಟ್‌ಪಾತಿನ ಮೇಲೆ ಸಾಲಾಗಿ ಸ್ವೆಟರ್ ಹರಡುತ್ತಿದ್ದರಲ್ಲ, ಅಲ್ಲಿ. ನನ್ನ ಜೊತೆ ನಮ್ಮ ಆಫೀಸಿನ ದೊಡ್ಡವರಿದ್ದರು. ಬೂದು ಬಣ್ಣದ ಒಂದು ಸ್ವೆಟರ್ ಎತ್ತಿ ನೋಡುತ್ತಿದ್ದೆ. ಆ ಕಡೆಯಿಂದ 'ಫ್ಲ್ಯಾಶ್?' ಅಂತ ಕೇಳಿಸಿತು. ತಲೆ ಎತ್ತಿದರೆ ಅವನೇ. ಅದೇ ನಗು. ಇಡೀ ಜಗತ್ತಿನಲ್ಲಿ ನನ್ನನ್ನ ಆ ಹೆಸರಿನಿಂದ ಕರೆಯುವವರು ಇಬ್ಬರೇ, ಇನ್ನೊಬ್ಬ ನೀನು. ನಾನು 'ಯಾರು? ಗೊತ್ತಾಗಲಿಲ್ಲ' ಅಂದೆ. ಅವನು ಒಂದು ಗಳಿಗೆ ನೋಡಿದ. 'ಸಾರಿ ಸಾರ್, ಬೇರೆ ಯಾರೋ ಅನ್ಕೊಂಡೆ' ಅಂದ. ನಾನು ಕೆದರಿದ್ದ ಸ್ವೆಟರನ್ನು ತೋಳು ಒಳಗೆ ಮಾಡಿ, ನೀಟಾಗಿ ಮಡಿಸಿ ವಾಪಸ್ ಇಟ್ಟ. ದೊಡ್ಡವರು ಮುಂದಿನ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡರು. ನಾನೂ ಒಂದು ಕೊಂಡೆ, ಅಲ್ಲೇ.

ಯಾಕೆ ಹಾಗೆ ಮಾಡಿದೆ ಅಂತ ಕೇಳಬೇಡ. ಜನರ ಎದುರು ಫ್ಲ್ಯಾಶ್ ಅನ್ನಿಸಿಕೊಳ್ಳೋಕೆ ನಾಚಿಕೆ ಆಯ್ತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ನೋಡಿದರೆ ಇಷ್ಟು ಜನರ ಎದುರು ನಾನೇ ಬರೆದುಕೊಳ್ಳುತ್ತಿದ್ದೇನೆ, ನಾಚಿಕೆ ಎಲ್ಲಿ ಹೋಯ್ತೋ. ಹಾಗಾದರೆ ಅದು ಹೆಸರಿನ ನಾಚಿಕೆ ಆಗಿರಲಿಲ್ಲ.

ಸಾಕು. ಬ್ರಶ್ಶಿನ ಗೆರೆ ಬಗ್ಗೆ ಬರೆಯಲು ಕೂತವನು ಎಲ್ಲಿಗೆ ಬಂದೆ ನೋಡು. ಐವತ್ತೈದಾದ ಮೇಲೆ ಗಂಡಸರಿಗೆ ರಾತ್ರಿ ಊಟಕ್ಕೆ ಅನ್ನ ಕೊಡಬಾರದು ಅಂತ ಇವಳು ಹೇಳುವುದು ಇದಕ್ಕೇ ಇರಬೇಕು.

ಅಂದಹಾಗೆ, ಬೆಳಿಗ್ಗೆ ಎದ್ದು ಪುಸ್ತಕ ಮತ್ತೆ ತೆಗೆದೆ. ಚಿತ್ರ ಇನ್ನೂ ಅಷ್ಟೇ ಚೆನ್ನಾಗಿದೆ. ಅದೇ ಕಿರಿಕಿರಿ. ಕೆಟ್ಟದಾಗಿ ಬರೆದಿದ್ದರೆ ಗುಜರಿಗೆ ಹಾಕಿ ಇನ್ನೊಂದು ಬಕೆಟ್ ತರಬಹುದಿತ್ತು. ಮಿಂಗನ ನಿಲುವಂಗಿಯ ಮಡಿಕೆಗಳನ್ನು ನೋಡುತ್ತಾ ಇವತ್ತೂ ಅರ್ಧ ಗಂಟೆ ಹೋಯ್ತು. ಹತ್ತಿರ, ದೂರ.

ದೀಪಾವಳಿಗೆ ಬರುತ್ತೀನಿ ಅಂದಿದ್ದೀಯ, ಬಾ. ಡ್ಯಾನ್ ಬ್ಯಾರಿ ವಿಚಾರ ಅಲ್ಲೇ ಇತ್ಯರ್ಥ ಮಾಡೋಣ. ಪುಸ್ತಕ ಇಲ್ಲೇ ಕೂತು ಓದಬೇಕು, ತಗೊಂಡು ಹೋಗೋಕೆ ಕೊಡಲ್ಲ. ನಿನ್ನ ಸಾಲದ ಇತಿಹಾಸ ಎಲ್ಲರಿಗೂ ಗೊತ್ತು. ಬರುವಾಗ ಸೈಕಲ್ ಪಂಪು ತಾ. ಕಳೆದುಹೋಯ್ತು ಅನ್ನಬೇಡ, ಹೋದ ಸಲ ನಿನ್ನ ಅಟ್ಟದ ಮೇಲೆ ನೋಡಿದ್ದೇನೆ.

ಆಮೇಲೆ, ಬೈಲಕುಪ್ಪೆ ಗೋಲ್ಡನ್ ಟೆಂಪಲ್ ಹತ್ತಿರ ಅವನ ತಂಗಿಯ ಅಂಗಡಿ ಇತ್ತಲ್ಲ, ಇನ್ನೂ ಇದೆಯಾ? ಸುಮ್ನೆ ಕೇಳಿದೆ. ನನ್ನ ಸ್ವೆಟರ್ ಮೊಣಕೈ ಹತ್ತಿರ ತೂತಾಗಿದೆ.

ನಿನ್ನ,
ಫ್ಲ್ಯಾಶ್
(84 ಕೆಜಿ, ಅಂಗಿ ಹಾಕಿಕೊಂಡು)