ಮೊದಲ ಟರ್ಕಿ ಬೇಟೆ ಮಗುವಿನದಾಗಿರಲಿ

ಸಂಪಾದಕರೇ,

ನಾವಿರುವ ಅಮೆರಿಕದ ಮಿಸೌರಿಯಲ್ಲಿ ಪ್ರತಿ ವಸಂತದಲ್ಲೂ, ದೊಡ್ಡವರ ಟರ್ಕಿ ಕೋಳಿ ಬೇಟೆ ಶುರುವಾಗುವ ಮೊದಲೇ, 6ರಿಂದ 15 ವರ್ಷದ ಮಕ್ಕಳಿಗೆ ಅಂತಲೇ ಒಂದು ವಾರಾಂತ್ಯ ಬಿಟ್ಟುಕೊಡುತ್ತಾರೆ. ನನ್ನ ಮಗಳೂ ಹಠ ಹಿಡಿದು ಹೋದಳು. ಊರಿಗೆ ಫೋನ್ ಮಾಡಿ ಹೇಳಿದರೆ ಎಲ್ಲರದೂ ಒಂದೇ ಮಾತು, "ಅಯ್ಯೋ, ಮಗುವಿನ ಕೈಗೆ ಬಂದೂಕಾ?" ಅವರು ಗಾಬರಿಪಡುವುದು ಸಹಜವೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆ ಅಂದರೆ ಅಪರಾಧ ಅಂತಲೇ ಕೇಳಿ ಬೆಳೆದವರು ನಾವು.

ಆದರೆ ಇಲ್ಲಿನ ಕಥೆ ಬೇರೆ. ಮಿಸೌರಿಯ ಕಾಡಲ್ಲಿ ಟರ್ಕಿ ಹೆಚ್ಚುಕಮ್ಮಿ ಮುಗಿದೇ ಹೋಗಿತ್ತು. 1950ರ ದಶಕದಲ್ಲಿ ಉಳಿದ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು ಬೇರೆ ಬೇರೆ ಕಡೆ ಬಿಡಲು ಶುರುಮಾಡಿದರು. 1960ರಲ್ಲಿ ಮತ್ತೆ ಬೇಟೆಗೆ ಅವಕಾಶ ಕೊಟ್ಟಾಗ ಇಡೀ ರಾಜ್ಯದಲ್ಲಿ ಸಿಕ್ಕಿದ್ದು ಬರೀ 94. ಬಂದೂಕು, ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಡುವ ಕಾನೂನು 1937ರಿಂದಲೇ ಇದೆ. ವಸಂತದಲ್ಲಿ ಹುಂಜವನ್ನೋ, ಎದೆಯ ಮೇಲೆ ಗಡ್ಡದಂಥ ಗೊಂಚಲು ಕಾಣುವ ಹಕ್ಕಿಯನ್ನೋ ಮಾತ್ರ ಹೊಡೆಯಬಹುದು. ಹೇಂಟೆಗಳು ಮೊಟ್ಟೆಯಿಟ್ಟು ಕಾವು ಕೂರುವ ಕಾಲ ಅದು, ಒಂದೇ ಹುಂಜ ಹಲವು ಹೇಂಟೆಗಳ ಜೊತೆ ಕೂಡುತ್ತದೆ, ಹಾಗಾಗಿ ಕೆಲವು ಹುಂಜ ಹೋದರೂ ಮುಂದಿನ ಮರಿಗಳಿಗೆ ಅಷ್ಟಾಗಿ ಪೆಟ್ಟು ಬೀಳುವುದಿಲ್ಲ.

ನನಗೆ ಸಿಟ್ಟು ಬರುವುದು ಬಂದೂಕಿನ ಮೇಲಲ್ಲ, ಜೊತೆಗೆ ಹೋಗುವ ದೊಡ್ಡವರ ಮೇಲೆ. ಮಗುವಿನ ನೆಪದಲ್ಲಿ ತಮ್ಮ ಬೇಟೆ ಆಡುವವರು ತುಂಬಾ ಜನ. "ಹೊಡಿ, ಹೊಡಿ" ಅಂತ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಮಗು ನಡುಗುತ್ತಿರುತ್ತದೆ. ಕುತ್ತಿಗೆ, ತಲೆಗೆ ಸರಿಯಾಗಿ ಗುರಿ ಸಿಗದೆ ಹೊಡೆದರೆ ಹಕ್ಕಿ ಗಾಯಗೊಂಡು ಪೊದೆಯೊಳಗೆ ಓಡಿಹೋಗಿ ನರಳಿ ಸಾಯುತ್ತದೆ, ಆ ಮಗು ಅದನ್ನು ಎಷ್ಟು ವರ್ಷ ಹೊತ್ತುಕೊಂಡು ತಿರುಗಬೇಕು ಹೇಳಿ?

ನಾವು ಟೆಂಟಿನಂಥ ಮರೆಯೊಳಗೆ ಕತ್ತಲಲ್ಲೇ ಹೋಗಿ ಕೂತೆವು. ಟರ್ಕಿಗೆ ವಾಸನೆ ಅಷ್ಟಾಗಿ ಗೊತ್ತಾಗುವುದಿಲ್ಲ, ಕಣ್ಣು ಮಾತ್ರ ಭಯಂಕರ ಚುರುಕು. ಮಕ್ಕಳು ಅಲ್ಲಾಡದೆ ಕೂರಲ್ಲ, ಅಲ್ವಾ? ಅದಕ್ಕೇ ಮರೆ ಬೇಕು. ಬೆಳಕು ಹರಿಯುವ ಹೊತ್ತಿಗೆ ಮರದ ಮೇಲಿಂದಲೇ ಹುಂಜ ಕೂಗಿತು. ನಾನು ಹಕ್ಕಿ ಕರೆಯುವ ಡಬ್ಬಿಯ ಮುಚ್ಚಳ ಉಜ್ಜಿ ಹೇಂಟೆಯ ದನಿ ಮಾಡಿದೆ. ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಕೊನೆಗೆ ಬಂತು, ಬಾಲ ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆ ನೆಲಕ್ಕೆ ಉಜ್ಜುತ್ತಾ. ಅದರ ಬೋಳು ತಲೆ ಕೆಂಪು, ಬಿಳಿ, ನೀಲಿಯಾಗಿ ಬದಲಾಗುತ್ತಿತ್ತು. ಎದೆಯೊಳಗಿಂದ ಬರುವ ಆ ಗುಂಯ್ ಸದ್ದು ಕೇಳುವುದಕ್ಕಿಂತ ಜಾಸ್ತಿ ಮೈಗೆ ತಿಳಿಯುತ್ತದೆ. ಮಗಳು ಬಂದೂಕು ಎತ್ತಿದಳು, ನೋಡಿದಳು, ಕೆಳಗಿಟ್ಟಳು. "ಬೇಡಪ್ಪ, ದೂರ ಇದೆ" ಅಂದಳು. ದೂರ ಇರಲಿಲ್ಲ. ನಾನು ಹಾಗೆ ಹೇಳಲಿಲ್ಲ, ಹೇಳಲೂಬಾರದು.

ಹಾಗಾಗಿ ಮಕ್ಕಳನ್ನು ಕರೆದೊಯ್ಯುವವರಿಗೆ ಒಂದು ವಿನಂತಿ. ನಿಮ್ಮ ಬಂದೂಕು ಮನೆಯಲ್ಲಿರಲಿ. ಮೊದಲೇ ಕಾಗದದ ಗುರಿಯ ಮೇಲೆ ಹೊಡೆಸಿ, ಎಷ್ಟು ದೂರಕ್ಕೆ ಚೆರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಒತ್ತಾಗಿ ಬೀಳುತ್ತದೆ ಅಂತ ಮಗುವೇ ಕಣ್ಣಾರೆ ನೋಡಲಿ, ಅದಕ್ಕಿಂತ ಆಚೆ ಹೊಡೆಯೋದು ಬೇಡ. ಕಿವಿಗೆ ರಕ್ಷಣೆ ಬೇಕೇಬೇಕು. ಟೋಪಿಯಿಂದ ಕಾಲುಚೀಲದವರೆಗೆ ಕೆಂಪು, ಬಿಳಿ, ನೀಲಿ ಬಟ್ಟೆ ಹಾಕಬೇಡಿ, ಹುಂಜದ ತಲೆ ಅಂದುಕೊಂಡು ಬೇರೆ ಬೇಟೆಗಾರ ಹೊಡೆದುಬಿಡುವ ಅಪಾಯ ಇದೆ. ಕೂಗು ಕೇಳಿತು ಅಂತ ಅದರ ಹಿಂದೆ ತೆವಳಿಕೊಂಡು ಹೋಗಬೇಡಿ, ಆ ಕೂಗು ಇನ್ನೊಬ್ಬ ಬೇಟೆಗಾರನದೂ ಆಗಿರಬಹುದು. ಮಗುವಿಗೆ ಚಳಿಯಾದರೆ, ಬೇಜಾರಾದರೆ ಎದ್ದು ಬನ್ನಿ, ಹುಂಜ ಕೂಗುತ್ತಿದ್ದರೂ ಸರಿ.

ಇನ್ನು ಊರಿನ ಬಂಧುಗಳೇ, ಮುಂದಿನ ಸಲ ಫೋನ್ ಮಾಡಿದಾಗ ಏನು ಹೊಡೆದಳು ಅಂತ ನನ್ನ ಕೇಳಬೇಡಿ. ಏನೇನು ನೋಡಿದೆ ಅಂತ ಅವಳನ್ನೇ ಕೇಳಿ. ಸುಮ್ನೆ ಹೇಳುತ್ತಿಲ್ಲ, ಅವಳು ಫೋನ್ ಇಡಲು ಬಿಡುವುದಿಲ್ಲ.

— ಒಬ್ಬ ಓದುಗ, ಮಿಸೌರಿ